ಪರದೆ ಇಲ್ಲಿ, ಕಂಪ್ಯೂಟರ್ ಅಲ್ಲಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ದೂರದಲ್ಲಿರುವ ಕಂಪ್ಯೂಟರಿನ ಪ್ರೋಗ್ರಾಮನ್ನು ನಮ್ಮ ಪರದೆಯ ಮೇಲೆ ತೆರೆದು ಕೆಲಸ ಮಾಡುವುದು ಈಗ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮಾತ್ರ ಬೇಕಾದ ವಿದ್ಯೆಯಲ್ಲ. ಅಕೌಂಟ್ಸ್ ಕಚೇರಿಯಿಂದ, ವರ್ಕ್‌ಶಾಪಿನಿಂದ, ಮನೆಯಿಂದ, ಎಲ್ಲ ಕಡೆಯಿಂದಲೂ ಇದರ ಬಗ್ಗೆ ಪತ್ರಗಳು ಬಂದಿವೆ. ತುಮಕೂರು, ಗುಬ್ಬಿ, ಕುಣಿಗಲ್ ಓದುಗರ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಪ್ರಶ್ನೆ: ಸರ್, ನಾನು ತುಮಕೂರಿನಲ್ಲಿ ಎಂ.ಟೆಕ್. ಓದುತ್ತಿದ್ದೇನೆ. ನಮ್ಮ ಲ್ಯಾಬಿನ ಲಿನಕ್ಸ್ ಸರ್ವರಿಗೆ ಹಾಸ್ಟೆಲಿನಿಂದ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗುತ್ತೇನೆ. ಕಮಾಂಡ್‌ಗಳೆಲ್ಲ ಸರಿಯಾಗಿ ನಡೆಯುತ್ತವೆ. ಗ್ರಾಫ್ ತೋರಿಸುವ ಪ್ರೋಗ್ರಾಂ ತೆರೆದರೆ ಮಾತ್ರ ‘ಕೆನಾಟ್ ಓಪನ್ ಡಿಸ್‌ಪ್ಲೇ’ ಎಂದು ನಿಂತುಬಿಡುತ್ತದೆ. ಎಲ್ಲಿ ಎಡವುತ್ತಿದ್ದೇನೆ?
ವಿದ್ಯಾರ್ಥಿನಿ, ತುಮಕೂರು

ಉತ್ತರ: ಆ ಪ್ರೋಗ್ರಾಮಿಗೆ ಚಿತ್ರ ಬರೆಯಲು ಪರದೆ ಸಿಕ್ಕಿಲ್ಲ, ಅಷ್ಟೇ. ಲಿನಕ್ಸ್‌ನ ಬಹುಪಾಲು ಗ್ರಾಫಿಕಲ್ ಪ್ರೋಗ್ರಾಮುಗಳಿಗೆ ಗೊತ್ತಿರುವ ವ್ಯವಸ್ಥೆ ಎಕ್ಸ್ ವಿಂಡೋ ಸಿಸ್ಟಂ. ಅದನ್ನು 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಶುರು ಮಾಡಿದರು. ಇಂದಿಗೂ ಬಳಕೆಯಲ್ಲಿರುವ 11ನೇ ಆವೃತ್ತಿ 1987ರಲ್ಲಿ ಬಂತು. ಪ್ರೋಗ್ರಾಂ ಒಂದು ಕಂಪ್ಯೂಟರಿನಲ್ಲಿ, ಪರದೆ ಇನ್ನೊಂದರಲ್ಲಿ ಇರಬಹುದು ಎಂದು ಮೊದಲ ದಿನದಿಂದಲೇ ಯೋಚಿಸಿ ಕಟ್ಟಿದ ವ್ಯವಸ್ಥೆ ಅದು. ಇಲ್ಲಿ ಎಕ್ಸ್ ಸರ್ವರ್ ಇರುವುದು ಪರದೆ, ಕೀಬೋರ್ಡ್, ಮೌಸ್ ಇರುವ ಕಡೆ, ಅಂದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ. ಲ್ಯಾಬಿನಲ್ಲಿ ಓಡುವ ಪ್ರೋಗ್ರಾಂ ಅದರ ಗಿರಾಕಿ.

ನೀವು ಬರೇ ಎಸ್‌ಎಸ್‌ಎಚ್ ಎಂದು ಲಾಗಿನ್ ಆಗುತ್ತಿರಬೇಕು. ‘ಎಸ್‌ಎಸ್‌ಎಚ್ -ಎಕ್ಸ್’ ಎಂದು ಕೊಡಿ. ಎಕ್ಸ್ ದೊಡ್ಡಕ್ಷರದಲ್ಲಿರಲಿ, ಚಿಕ್ಕಕ್ಷರದ ಎಕ್ಸ್ ಕೊಟ್ಟರೆ ಈ ಸೌಲಭ್ಯ ಬೇಡವೆಂದು ಹೇಳಿದಂತಾಗುತ್ತದೆ. ದೊಡ್ಡಕ್ಷರದ ಎಕ್ಸ್ ಕೊಟ್ಟಾಗ ಲ್ಯಾಬಿನ ಯಂತ್ರದ ಒಳಗೇ 6010 ಎಂಬ ಪೋರ್ಟ್ ತೆರೆದುಕೊಳ್ಳುತ್ತದೆ, ಅಲ್ಲಿನ ಡಿಸ್‌ಪ್ಲೇ ವೇರಿಯಬಲ್ ‘ಲೋಕಲ್‌ಹೋಸ್ಟ್:10.0’ ಎಂದಾಗುತ್ತದೆ. ನಿಮ್ಮಂತೆ ಬೇರೆಯವರೂ ಲಾಗಿನ್ ಆಗಿದ್ದರೆ 10ರ ಬದಲು 11 ಅಥವಾ 12 ಬರಬಹುದು. ಪ್ರೋಗ್ರಾಂ ಆ ಪೋರ್ಟಿಗೆ ಹೇಳಿದ್ದೆಲ್ಲ ಎನ್‌ಕ್ರಿಪ್ಟ್ ಆಗಿ, ಎಸ್‌ಎಸ್‌ಎಚ್‌ನ ಒಳದಾರಿಯಲ್ಲೇ ನಿಮ್ಮ ಲ್ಯಾಪ್‌ಟಾಪ್ ತಲುಪುತ್ತದೆ. ಎಕ್ಸ್ ಸರ್ವರ್ ಒಳಗೆ ಬಿಡಲು 128 ಬಿಟ್‌ಗಳ ಒಂದು ಗುಪ್ತ ಸಂಖ್ಯೆ ಕೇಳುತ್ತದೆ, ಅದಕ್ಕೆ ಕುಕಿ ಎನ್ನುತ್ತಾರೆ. ಎಸ್‌ಎಸ್‌ಎಚ್ ಲ್ಯಾಬಿಗೆ ಕಳಿಸುವುದು ತಾತ್ಕಾಲಿಕ ನಕಲಿ ಕುಕಿಯನ್ನು. ಸಂಪರ್ಕ ವಾಪಸ್ ಬಂದಾಗ ನಿಮ್ಮ ಕಡೆಯಲ್ಲೇ ಅದನ್ನು ತೆಗೆದು ಅಸಲಿಯನ್ನು ಇಡುತ್ತದೆ. ಅಸಲಿ ಕುಕಿ ಲ್ಯಾಪ್‌ಟಾಪ್ ಬಿಟ್ಟು ಹೋಗುವುದೇ ಇಲ್ಲ.

ಇಷ್ಟಾದರೂ ವಿಂಡೋ ಬರದಿದ್ದರೆ ಈ ಕ್ರಮದಲ್ಲಿ ನೋಡಿ. ಲ್ಯಾಬಿನ ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಫೈಲಿನಲ್ಲಿ ‘ಎಕ್ಸ್11ಫಾರ್ವರ್ಡಿಂಗ್ ಯೆಸ್’ ಇದೆಯೇ? ಅಲ್ಲಿ ‘ಎಕ್ಸ್‌ಆತ್’ ಎಂಬ ಸಣ್ಣ ಪ್ರೋಗ್ರಾಂ ಇನ್‌ಸ್ಟಾಲ್ ಆಗಿದೆಯೇ? ನಿಮಗೆ ಕೊಟ್ಟ ಡಿಸ್ಕ್ ಜಾಗ ತುಂಬಿಹೋಗಿದೆಯೇ? ಜಾಗ ತುಂಬಿದ್ದರೆ ಕುಕಿ ಬರೆಯಲಾಗದೆ ಇದೇ ತೊಂದರೆ ಬರುತ್ತದೆ, ಇದು ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಕೊನೆಯದಾಗಿ, ನಿಮ್ಮ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಡಿಸ್‌ಪ್ಲೇ ವೇರಿಯಬಲ್‌ಗೆ ಯಾರಾದರೂ ಕೈಯಾರೆ ಬೆಲೆ ಬರೆದಿಟ್ಟಿದ್ದರೆ ಆ ಸಾಲು ಅಳಿಸಿ. ಅದನ್ನು ಎಸ್‌ಎಸ್‌ಎಚ್ ತಾನೇ ತುಂಬಬೇಕು.

ಪ್ರಶ್ನೆ: ನನ್ನದು ವಿಂಡೋಸ್ ಲ್ಯಾಪ್‌ಟಾಪ್. ಪುಟ್ಟಿ ಮತ್ತು ವಿಸಿಎಕ್ಸ್‌ಸರ್ವ್ ಹಾಕಿಕೊಂಡಿದ್ದೇನೆ. ವಿಂಡೋ ಬರದಿದ್ದಾಗ ಸೀನಿಯರ್ ಒಬ್ಬರು ‘ಡಿಸೇಬಲ್ ಆಕ್ಸೆಸ್ ಕಂಟ್ರೋಲ್’ ಟಿಕ್ ಮಾಡು, ಲಿನಕ್ಸ್ ಆದರೆ ‘ಎಕ್ಸ್‌ಹೋಸ್ಟ್ +’ ಕೊಡು, ಎಲ್ಲ ಸರಿಹೋಗುತ್ತದೆ ಅಂದರು. ಹಾಗೆ ಮಾಡಿದ ಮೇಲೆ ಸರಿಯೂ ಹೋಯಿತು. ಇದರಿಂದ ಏನಾದರೂ ತೊಂದರೆ ಇದೆಯೇ?
ಬಿ.ಇ. ವಿದ್ಯಾರ್ಥಿ, ಗುಬ್ಬಿ

ಉತ್ತರ: ದೊಡ್ಡ ತೊಂದರೆಯೇ ಇದೆ, ಇಂದೇ ಆ ಟಿಕ್ ತೆಗೆಯಿರಿ. ಅದನ್ನು ಹಾಕಿದರೆ ಕುಕಿ ಕೇಳುವ ಪದ್ಧತಿಯೇ ನಿಂತುಹೋಗುತ್ತದೆ. ವಿಂಡೋಸ್‌ನಲ್ಲಿ ಇಂಥ ಎಕ್ಸ್ ಸರ್ವರ್ ಸಾಮಾನ್ಯವಾಗಿ 6000ನೇ ಪೋರ್ಟಿನಲ್ಲಿ ಕಾಯುತ್ತಿರುತ್ತದೆ. ಫೈರ್‌ವಾಲ್ ಕೇಳಿದಾಗ ‘ಅಲೋ’ ಒತ್ತಿದ್ದರೆ ನಿಮ್ಮ ಹಾಸ್ಟೆಲ್ ವೈಫೈಯಲ್ಲಿರುವ ಯಾವ ಲ್ಯಾಪ್‌ಟಾಪ್ ಬೇಕಾದರೂ ನಿಮ್ಮ ಎಕ್ಸ್ ಸರ್ವರಿಗೆ ಬಂದು ಸೇರಬಹುದು. ಹಾಗೆ ಸೇರಿದವರು ಅಲ್ಲಿ ತೆರೆದಿರುವ ವಿಂಡೋಗಳ ಚಿತ್ರ ತೆಗೆಯಬಹುದು, ನೀವು ಅವುಗಳಲ್ಲಿ ಒತ್ತುವ ಪ್ರತಿ ಕೀಯನ್ನೂ ಓದಬಹುದು.

ಇದನ್ನು ಕಣ್ಣಾರೆ ನೋಡಬೇಕಾದರೆ ಸ್ನೇಹಿತರ ಲಿನಕ್ಸ್ ಯಂತ್ರದಲ್ಲಿ, ಅವರ ಒಪ್ಪಿಗೆ ಪಡೆದು, ವೇಲ್ಯಾಂಡ್ (ಎಕ್ಸ್ ಬದಲು ಬರುತ್ತಿರುವ ಹೊಸ ವ್ಯವಸ್ಥೆ) ಅಲ್ಲದ ಎಕ್ಸ್ ಸೆಷನ್‌ನಲ್ಲಿ ಹೀಗೆ ಮಾಡಿ. ಒಂದು ಟರ್ಮಿನಲ್ ತೆರೆದು ‘ಎಕ್ಸ್‌ಇನ್‌ಪುಟ್ ಟೆಸ್ಟ್-ಎಕ್ಸ್‌ಐ2 --ರೂಟ್’ ಕೊಡಿ. ಆಮೇಲೆ ಸಂಬಂಧವೇ ಇಲ್ಲದ ಇನ್ನೊಂದು ವಿಂಡೋಗೆ ಹೋಗಿ ಇಂಗ್ಲಿಷಿನಲ್ಲಿ ‘ಗುಬ್ಬಿ’ ಎಂದು ಐದು ಅಕ್ಷರ ಟೈಪ್ ಮಾಡಿ. ಮೊದಲ ಟರ್ಮಿನಲ್ಲಿನಲ್ಲಿ 42, 30, 56, 56, 31 ಎಂದು ಸಾಲು ಸಾಲಾಗಿ ಬೀಳುತ್ತದೆ. ಜಿ ಕೀಯ ಸಂಖ್ಯೆ 42, ಯು 30, ಬಿ 56, ಐ 31. ಅಲ್ಲಿ ನೀವು ಟೈಪ್ ಮಾಡಿದ್ದು ಬ್ಯಾಂಕಿನ ಪಾಸ್‌ವರ್ಡ್ ಆಗಿದ್ದರೂ ಹೀಗೇ ಬೀಳುತ್ತಿತ್ತು. ಎಕ್ಸ್ ಹುಟ್ಟಿದ ಕಾಲದಲ್ಲಿ ಒಂದೇ ಪರದೆಯ ಪ್ರೋಗ್ರಾಮುಗಳು ಒಂದನ್ನೊಂದು ನಂಬುತ್ತಿದ್ದವು. ಆ ನಂಬಿಕೆ ಅದರ ರಚನೆಯಲ್ಲಿ ಇನ್ನೂ ಉಳಿದಿದೆ.

ನಿಮಗೆ ಆ ಟಿಕ್‌ನ ಅಗತ್ಯವೂ ಇಲ್ಲ. ಪುಟ್ಟಿಯಲ್ಲಿ ಕನೆಕ್ಷನ್, ಎಸ್‌ಎಸ್‌ಎಚ್, ಎಕ್ಸ್11 ಎಂಬಲ್ಲಿಗೆ ಹೋಗಿ ‘ಎನೇಬಲ್ ಎಕ್ಸ್11 ಫಾರ್ವರ್ಡಿಂಗ್’ ಟಿಕ್ ಮಾಡಿ, ಅಲ್ಲೇ ಇರುವ ‘ಎಕ್ಸ್ ಡಿಸ್‌ಪ್ಲೇ ಲೊಕೇಶನ್’ ಜಾಗದಲ್ಲಿ ‘ಲೋಕಲ್‌ಹೋಸ್ಟ್:0’ ಎಂದು ಬರೆಯಿರಿ. ಆಗ ಎಲ್ಲವೂ ಎಸ್‌ಎಸ್‌ಎಚ್ ಒಳಗಿಂದಲೇ ಬಂದು ನಿಮ್ಮ ಯಂತ್ರದೊಳಗೇ ಎಕ್ಸ್ ಸರ್ವರಿಗೆ ಸೇರುತ್ತದೆ. 6000ನೇ ಪೋರ್ಟನ್ನು ಫೈರ್‌ವಾಲಿನಲ್ಲಿ ಮುಚ್ಚಿಬಿಡಿ. ವಿಂಡೋಸ್ 11 ಇದ್ದು ಅದರೊಳಗೆ ಡಬ್ಲ್ಯುಎಸ್‌ಎಲ್ ಮೂಲಕ ಉಬುಂಟು ಹಾಕಿಕೊಂಡಿದ್ದರೆ ಬೇರೆ ಎಕ್ಸ್ ಸರ್ವರ್ ಕೂಡ ಬೇಡ. ಆ ಉಬುಂಟುವಿನಿಂದಲೇ ‘ಎಸ್‌ಎಸ್‌ಎಚ್ -ಎಕ್ಸ್’ ನಡೆಯುತ್ತದೆ.

ಪ್ರಶ್ನೆ: -ಎಕ್ಸ್ ಮತ್ತು -ವೈ ನಡುವೆ ವ್ಯತ್ಯಾಸ ಏನು? ಒಂದು ಯಂತ್ರದಿಂದ -ಎಕ್ಸ್ ಕೊಟ್ಟರೆ ಸ್ವಲ್ಪ ಹೊತ್ತಿನ ನಂತರ ಹೊಸ ವಿಂಡೋ ತೆರೆಯುವುದೇ ಇಲ್ಲ. ಉಬುಂಟುವಿನಿಂದ ಮಾಡಿದರೆ ಆ ಸಮಸ್ಯೆ ಬರುವುದಿಲ್ಲ. ಹೀಗೇಕೆ?
ಸಾಫ್ಟ್‌ವೇರ್ ಉದ್ಯೋಗಿ, ಕುಣಿಗಲ್

ಉತ್ತರ: ಎಸ್‌ಎಸ್‌ಎಚ್ ದಾರಿಯಲ್ಲಿ ಹೋಗುವ ಮಾಹಿತಿಯನ್ನು ಕಾಯುತ್ತದೆ. ದಾರಿಯ ಆಚೆ ತುದಿಯಲ್ಲಿ ಕೂತವರಿಂದ ನಿಮ್ಮನ್ನು ಕಾಯುವುದು ಅದರ ಕೈಯಲ್ಲಿಲ್ಲ. ನೀವು ಎಕ್ಸ್ ಫಾರ್ವರ್ಡಿಂಗ್ ತೆರೆದಾಗ ಆ ದೂರದ ಯಂತ್ರದ ರೂಟ್ ಅಧಿಕಾರ ಇರುವವರು, ಅಥವಾ ಅದರೊಳಗೆ ನುಗ್ಗಿದವರು, ನಿಮ್ಮ ಎಕ್ಸ್ ಸರ್ವರನ್ನು ಮುಟ್ಟಬಲ್ಲರು. ಮೇಲೆ ಗುಬ್ಬಿಯ ವಿದ್ಯಾರ್ಥಿಗೆ ಹೇಳಿದ ಕೀಬೋರ್ಡ್ ಓದುವ ಆಟ ಆ ಕಡೆಯಿಂದಲೂ ಸಾಧ್ಯ. ನಾವು ಅವರ ಪ್ರೋಗ್ರಾಂ ನೋಡುತ್ತಿದ್ದೇವೆ ಎಂದುಕೊಳ್ಳುತ್ತೇವೆ, ಆದರೆ ಅವರಿಗೂ ನಮ್ಮ ಕಡೆ ನೋಡಲು ದಾರಿ ಸಿಕ್ಕಿರುತ್ತದೆ.

ಇದನ್ನು ತಡೆಯಲೆಂದೇ -ಎಕ್ಸ್ ಇದೆ. ಅದು ದೂರದ ಪ್ರೋಗ್ರಾಮನ್ನು ನಂಬಿಕೆಗೆ ಅರ್ಹವಲ್ಲ ಎಂದು ಗುರುತಿಸಿ, ಬೇರೆ ವಿಂಡೋಗಳನ್ನು ಮುಟ್ಟದಂತೆ ಕಟ್ಟಿಹಾಕುತ್ತದೆ. ಈ ಅನುಮತಿಗೆ ಅವಧಿಯೂ ಉಂಟು: ಸುಮ್ಮನೆ ಬಿಟ್ಟರೆ 20 ನಿಮಿಷ. ಆಮೇಲೆ ಹೊಸ ಸಂಪರ್ಕಗಳನ್ನು ಎಸ್‌ಎಸ್‌ಎಚ್ ತಿರಸ್ಕರಿಸುತ್ತದೆ. ನಿಮಗೆ ಆಗಿರುವುದು ಇದೇ. ‘ಫಾರ್ವರ್ಡ್‌ಎಕ್ಸ್11ಟೈಮ್‌ಔಟ್’ ಎಂಬಲ್ಲಿ ಅವಧಿ ಹೆಚ್ಚಿಸಿಕೊಳ್ಳಬಹುದು. -ವೈ ಎಂದರೆ ಪೂರ್ತಿ ನಂಬಿಕೆ. ಕಟ್ಟೂ ಇಲ್ಲ, ಅವಧಿಯೂ ಇಲ್ಲ.

ಉಬುಂಟುವಿನಲ್ಲಿ ಸಮಸ್ಯೆ ಬರದಿರುವುದು ಸಂತೋಷಪಡುವ ವಿಷಯವಲ್ಲ. ಡೆಬಿಯನ್, ಉಬುಂಟು, ಫೆಡೋರಾಗಳು ‘ಫಾರ್ವರ್ಡ್‌ಎಕ್ಸ್11ಟ್ರಸ್ಟೆಡ್’ ಎಂಬುದನ್ನು ‘ಯೆಸ್’ ಮಾಡಿಯೇ ಕೊಡುತ್ತವೆ. ಹಾಗಾಗಿ ಅಲ್ಲಿ ನೀವು -ಎಕ್ಸ್ ಕೊಟ್ಟರೂ ನಡೆಯುವುದು -ವೈ. ನಿಮ್ಮ ಹೋಂ ಡೈರೆಕ್ಟರಿಯ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿ ಅದನ್ನು ‘ನೋ’ ಎಂದು ಬರೆದುಕೊಳ್ಳಿ. ಕಟ್ಟುಪಾಡಿನಲ್ಲಿ ಕೆಲವು ಪ್ರೋಗ್ರಾಂ ಓಡದೆ ಎರರ್ ಕೊಡುತ್ತವೆ. ಆಗ ನೀವೇ ನೋಡಿಕೊಳ್ಳುವ ಯಂತ್ರವಾದರೆ -ವೈ ಬಳಸಿ, ಹತ್ತಾರು ಜನ ಹಂಚಿಕೊಳ್ಳುವ ಯಂತ್ರವಾದರೆ ಮುಂದೆ ಹೇಳುವ ವಿಎನ್‌ಸಿ ದಾರಿ ಹಿಡಿಯಿರಿ. ಫಾರ್ವರ್ಡಿಂಗನ್ನು ಎಲ್ಲ ಯಂತ್ರಗಳಿಗೂ ಸದಾ ಚಾಲೂ ಇಡುವುದಂತೂ ಬೇಡವೇ ಬೇಡ. ಬೇಕಾದಾಗ, ಬೇಕಾದ ಯಂತ್ರಕ್ಕೆ ಮಾತ್ರ ಕೊಡಿ.

ಪ್ರಶ್ನೆ: ದಿನಾ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತೇನೆ. ಆ ಹೊತ್ತಿನಲ್ಲಿ ಆಫೀಸಿನ ಲಿನಕ್ಸ್ ಯಂತ್ರದ ಪ್ರೋಗ್ರಾಂ ತೆರೆದು ಕೆಲಸ ಮಾಡೋಣವೆಂದರೆ ಒಂದು ಮೆನು ತೆರೆಯುವುದಕ್ಕೇ ಯುಗ ಹಿಡಿಯುತ್ತದೆ. ಹಿರೇಹಳ್ಳಿಯಿಂದ ದಾಬಸ್‌ಪೇಟೆ ನಡುವೆ ಎಲ್ಲೋ ಸಿಗ್ನಲ್ ಹೋದರೆ ಪ್ರೋಗ್ರಾಮೇ ಸತ್ತುಹೋಗುತ್ತದೆ, ಮಾಡಿದ ಕೆಲಸ ನೀರುಪಾಲು. ಏನಾದರೂ ಉಪಾಯ ಇದೆಯೇ?
ರೈಲು ಪ್ರಯಾಣಿಕ, ತುಮಕೂರು

ಉತ್ತರ: ಎಕ್ಸ್ ಒಂದೇ ಕಟ್ಟಡದೊಳಗಿನ ನೆಟ್‌ವರ್ಕಿಗೆ ಹೇಳಿಮಾಡಿಸಿದ್ದು. ಅದರ ಪ್ರೋಗ್ರಾಮುಗಳು ಸಣ್ಣಸಣ್ಣ ವಿಷಯಕ್ಕೂ ಸರ್ವರನ್ನು ಕೇಳಿ ಉತ್ತರಕ್ಕೆ ಕಾಯುತ್ತವೆ. ಮೊಬೈಲ್ ನೆಟ್‌ವರ್ಕಿನಲ್ಲಿ ಒಂದು ಪ್ರಶ್ನೆ ಹೋಗಿ ಉತ್ತರ ಬರಲು 60 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳಿ. ಮೆನು ತೆರೆಯುವಾಗ 200 ಸಲ ಕೇಳಿದರೆ 12 ಸೆಕೆಂಡ್ ಆಯಿತು. ಇಂಟರ್‌ನೆಟ್ ವೇಗ ಎಷ್ಟೇ ಇದ್ದರೂ ಈ ಕಾಯುವಿಕೆ ಕಡಿಮೆಯಾಗುವುದಿಲ್ಲ. ‘-ಸಿ’ ಎಂದು ದೊಡ್ಡಕ್ಷರದಲ್ಲಿ ಕೊಟ್ಟರೆ ಮಾಹಿತಿ ಕುಗ್ಗಿ ಸ್ವಲ್ಪ ಅನುಕೂಲವಾದೀತು, ಆದರೆ ಮೂಲ ರೋಗ ವಾಸಿಯಾಗದು.

ಸಂಪರ್ಕ ಕಡಿದರೆ ಪ್ರೋಗ್ರಾಂ ಸಾಯುವುದಕ್ಕೆ ಕಾರಣ, ಅದರ ಪರದೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಇರುವುದು. ಹಾಗಾಗಿ ಪರದೆಯನ್ನೂ ಆಫೀಸಿನಲ್ಲೇ ಇಟ್ಟು, ಅದರ ಚಿತ್ರವನ್ನು ಮಾತ್ರ ತರಿಸಿಕೊಳ್ಳಬೇಕು. ಇದಕ್ಕೆ ಎರಡು ಒಳ್ಳೆಯ ದಾರಿಗಳಿವೆ. ಮೊದಲನೆಯದು ಎಕ್ಸ್‌ಪ್ರಾ. ಅದು ಪ್ರೋಗ್ರಾಮಿನ ವಿಂಡೋವನ್ನು ಎಸ್‌ಎಸ್‌ಎಚ್ ಮೂಲಕವೇ ತರುತ್ತದೆ. ಸಿಗ್ನಲ್ ಹೋದರೆ ಪ್ರೋಗ್ರಾಂ ಆಫೀಸಿನಲ್ಲಿ ಓಡುತ್ತಲೇ ಇರುತ್ತದೆ. ಸಿಗ್ನಲ್ ಬಂದ ಮೇಲೆ ಮತ್ತೆ ಸೇರಿಕೊಂಡರೆ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಎರಡನೆಯದು ವಿಎನ್‌ಸಿ, ಇಡೀ ಡೆಸ್ಕ್‌ಟಾಪನ್ನೇ ತೋರಿಸುತ್ತದೆ.

ವಿಎನ್‌ಸಿ ಬಳಸುವುದಾದರೆ ಒಂದು ಎಚ್ಚರಿಕೆ. ಅದರ ಹಳೆಯ ಪಾಸ್‌ವರ್ಡ್ ಪದ್ಧತಿ ಮೊದಲ 8 ಅಕ್ಷರಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನೀವು ಇಪ್ಪತ್ತು ಅಕ್ಷರ ಇಟ್ಟರೂ ಉಳಿದದ್ದು ವ್ಯರ್ಥ. ಪರದೆಯ ಚಿತ್ರವೂ ಹಲವು ಆವೃತ್ತಿಗಳಲ್ಲಿ ಎನ್‌ಕ್ರಿಪ್ಟ್ ಆಗದೆ ಹೋಗುತ್ತದೆ. ಆದ್ದರಿಂದ ವಿಎನ್‌ಸಿಯನ್ನು ‘-ಲೋಕಲ್‌ಹೋಸ್ಟ್’ ಆಯ್ಕೆಯೊಂದಿಗೆ ಚಾಲೂ ಮಾಡಿ, ಆಗ ಹೊರಗಿನವರು ಅದನ್ನು ಮುಟ್ಟಲಾರರು. ನಿಮ್ಮ ಲ್ಯಾಪ್‌ಟಾಪಿನಿಂದ ‘ಎಸ್‌ಎಸ್‌ಎಚ್ -ಎಲ್ 5901:ಲೋಕಲ್‌ಹೋಸ್ಟ್:5901’ ಎಂದು ಕೊಟ್ಟು ಸುರಂಗ ತೆರೆದುಕೊಂಡು, ವಿಎನ್‌ಸಿ ವ್ಯೂವರಿಗೆ ‘ಲೋಕಲ್‌ಹೋಸ್ಟ್:5901’ ಎಂದು ಹೇಳಿ. ಈ ದಾರಿಯಲ್ಲಿ ಇನ್ನೊಂದು ಲಾಭವಿದೆ: ದೂರದ ಪ್ರೋಗ್ರಾಮಿಗೆ ನಿಮ್ಮ ಎಕ್ಸ್ ಸರ್ವರ್ ಸಿಗುವುದೇ ಇಲ್ಲ. ನೀವು ವಿಎನ್‌ಸಿ ವಿಂಡೋದೊಳಗೆ ಒತ್ತಿದ ಕೀ ಮಾತ್ರ ಅದಕ್ಕೆ ತಲುಪುತ್ತದೆ.

ಪ್ರಶ್ನೆ: ಗುಬ್ಬಿಯಲ್ಲಿ ನನ್ನದೊಂದು ಸಣ್ಣ ಮೆಷಿನಿಂಗ್ ವರ್ಕ್‌ಶಾಪ್ ಇದೆ. ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಬಂದ ಮೇಲೆ ನಮ್ಮಂಥವರಿಗೂ ಒಳ್ಳೆಯ ಕೆಲಸ ಸಿಕ್ಕೀತೆಂಬ ಆಸೆ. ವರ್ಕ್‌ಶಾಪಿನ ಲಿನಕ್ಸ್ ಯಂತ್ರದಲ್ಲಿ ಫ್ರೀಕ್ಯಾಡ್ ಇದೆ. ಮನೆಯಿಂದ -ಎಕ್ಸ್ ಕೊಟ್ಟು ತೆರೆದರೆ ತ್ರೀಡಿ ಚಿತ್ರ ತಿರುಗುವುದೇ ಇಲ್ಲ. ಡ್ರಾಯಿಂಗ್ ಫೈಲನ್ನು ಮನೆಗೇ ಕಾಪಿ ಮಾಡಿಕೊಂಡರೆ ಆಗದೇ?
ವರ್ಕ್‌ಶಾಪ್ ಮಾಲೀಕ, ಗುಬ್ಬಿ

ಉತ್ತರ: ಫೈಲನ್ನು ಮನೆಗೆ ತರಬೇಡಿ ಎನ್ನುವುದೇ ನನ್ನ ಮೊದಲ ಸಲಹೆ. ಬಿದರೆಹಳ್ಳ ಕಾವಲ್‌ನ ಆ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಅಂಥ ದೊಡ್ಡ ಉದ್ಯಮಗಳಿಗೆ ಬಿಡಿಭಾಗ ಮಾಡಿಕೊಡಬೇಕೆಂದರೆ ಡ್ರಾಯಿಂಗ್ ಎಲ್ಲಿದೆ, ಯಾರ ಕೈಯಲ್ಲಿದೆ ಎಂಬುದಕ್ಕೆ ನೀವು ಲೆಕ್ಕ ಕೊಡಬೇಕಾಗುತ್ತದೆ. ಫೈಲ್ ವರ್ಕ್‌ಶಾಪಿನಲ್ಲೇ ಉಳಿದು ಚಿತ್ರ ಮಾತ್ರ ನಿಮ್ಮ ಪರದೆಗೆ ಬಂದರೆ ಆ ಲೆಕ್ಕ ಸುಲಭ. ಮನೆಯ ಲ್ಯಾಪ್‌ಟಾಪ್ ಕಳುವಾದರೂ ಗಿರಾಕಿಯ ಡ್ರಾಯಿಂಗ್ ಹೋಗುವುದಿಲ್ಲ.

ತ್ರೀಡಿ ತೊಂದರೆಗೆ ಕಾರಣವಿದೆ. -ಎಕ್ಸ್ ದಾರಿಯಲ್ಲಿ ತ್ರೀಡಿ ಚಿತ್ರ ಬರೆಯಲು ವರ್ಕ್‌ಶಾಪಿನ ಗ್ರಾಫಿಕ್ಸ್ ಕಾರ್ಡ್ ಉಪಯೋಗಕ್ಕೆ ಬರುವುದಿಲ್ಲ. ಚಿತ್ರ ಬರೆಯುವ ಸೂಚನೆಗಳೇ ನೆಟ್‌ವರ್ಕ್ ದಾಟಿ ಬರಬೇಕು. ಆ ಬಗೆಯ ಓಪನ್‌ಜಿಎಲ್ ಅನ್ನು ಹೊಸ ಎಕ್ಸ್ ಸರ್ವರ್‌ಗಳು ಸುರಕ್ಷತೆಯ ದೃಷ್ಟಿಯಿಂದ ಮೊದಲೇ ಮುಚ್ಚಿಟ್ಟಿರುತ್ತವೆ. ಪರಿಹಾರ ವರ್ಚುಯಲ್‌ಜಿಎಲ್. ಅದು ವರ್ಕ್‌ಶಾಪಿನ ಕಾರ್ಡಿನಿಂದಲೇ ಚಿತ್ರ ಬರೆಸಿ, ಸಿದ್ಧವಾದ ಚಿತ್ರವನ್ನು ಕಳಿಸುತ್ತದೆ. ಅದರ ಜೊತೆಗೆ ಟರ್ಬೊವಿಎನ್‌ಸಿ ಹಾಕಿ, ಮೇಲೆ ಹೇಳಿದಂತೆ ಎಸ್‌ಎಸ್‌ಎಚ್ ಸುರಂಗದಲ್ಲಿ ತನ್ನಿ. ಫ್ರೀಕ್ಯಾಡನ್ನು ‘ವಿಜಿಎಲ್‌ರನ್’ ಎಂಬ ಕಮಾಂಡಿನ ನಂತರ ಬರೆದು ಚಾಲೂ ಮಾಡಿದರಾಯಿತು.

ಪ್ರಶ್ನೆ: ನಾನು ತುಮಕೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಬೋಧಕಿ. ಸಂಶೋಧನೆಗಾಗಿ ಬೆಂಗಳೂರಿನ ಒಂದು ದೊಡ್ಡ ಕ್ಲಸ್ಟರಿನಲ್ಲಿ ಅಕೌಂಟ್ ಸಿಕ್ಕಿದೆ. ಮೊದಲು ಗೇಟ್‌ವೇ ಯಂತ್ರಕ್ಕೆ, ಅಲ್ಲಿಂದ ಒಳಗಿನ ಯಂತ್ರಕ್ಕೆ ಹೋಗಬೇಕು. ಪ್ಯಾರಾವ್ಯೂ ಬಳಸಿ ಫಲಿತಾಂಶ ನೋಡುವ ಸುರಕ್ಷಿತ ವಿಧಾನ ತಿಳಿಸುವಿರಾ?
ಬೋಧಕಿ, ತುಮಕೂರು

ಉತ್ತರ: ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಚಾಲನೆಗೆ ಬಂದ 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ದಂಥ ಯಂತ್ರಗಳು ಹುಟ್ಟಿಸುವ ಮಾಹಿತಿಯನ್ನು ಊರಿಗೆ ಇಳಿಸಿಕೊಂಡು ನೋಡುವುದು ಆಗದ ಮಾತು. ಮಾಹಿತಿ ಇರುವಲ್ಲೇ ನೋಡಬೇಕು.

ಗೇಟ್‌ವೇಗೆ ಲಾಗಿನ್ ಆಗಿ, ಅಲ್ಲಿಂದ ಮತ್ತೆ ಎಸ್‌ಎಸ್‌ಎಚ್ ಕೊಡುವ ಹಳೆಯ ಪದ್ಧತಿ ಬಿಡಿ. ಕೀಯನ್ನು ಗೇಟ್‌ವೇಯಲ್ಲಿ ಕಾಪಿ ಮಾಡಿಡುವುದೂ ಬೇಡ, ‘-ಎ’ ಎಂಬ ಏಜೆಂಟ್ ಫಾರ್ವರ್ಡಿಂಗೂ ಬೇಡ. ಆ ಯಂತ್ರವನ್ನು ವಶಪಡಿಸಿಕೊಂಡವರು ನಿಮ್ಮ ಹೆಸರಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಲ್ಲರು. ಓಪನ್‌ಎಸ್‌ಎಸ್‌ಎಚ್ 7.3ರಲ್ಲಿ, ಅಂದರೆ 2016ರಲ್ಲಿ, ಬಂದ ‘-ಜೆ’ ಆಯ್ಕೆ ಬಳಸಿ: ‘ಎಸ್‌ಎಸ್‌ಎಚ್ -ಜೆ’, ನಂತರ ಗೇಟ್‌ವೇ ಹೆಸರು, ನಂತರ ಒಳಗಿನ ಯಂತ್ರದ ಹೆಸರು. ಅಂಟಿಸಿದ ಲಕೋಟೆಯನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ ಹಾಗೆ ಗೇಟ್‌ವೇ ಅದನ್ನು ಮುಟ್ಟಿಸುತ್ತದೆ, ಬಿಚ್ಚಿ ಓದಲಾರದು. ಎನ್‌ಕ್ರಿಪ್ಷನ್ ನಿಮ್ಮ ಲ್ಯಾಪ್‌ಟಾಪಿನಿಂದ ಒಳಗಿನ ಯಂತ್ರದವರೆಗೂ ಒಂದೇ.

ಪ್ಯಾರಾವ್ಯೂಗೆ ಎಕ್ಸ್ ಫಾರ್ವರ್ಡಿಂಗ್ ಬೇಕಾಗಿಯೇ ಇಲ್ಲ. ಅದರ ಕೆಲಸ ಮಾಡುವ ಭಾಗವಾದ ‘ಪಿವಿಸರ್ವರ್’ ಅನ್ನು ಕ್ಲಸ್ಟರಿನಲ್ಲಿ ಓಡಿಸಿ, ತೋರಿಸುವ ಭಾಗವನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಡಿ. ಎರಡರ ಆವೃತ್ತಿ ಒಂದೇ ಇರಬೇಕು. ಅದು ಸಾಮಾನ್ಯವಾಗಿ 11111ನೇ ಪೋರ್ಟಿನಲ್ಲಿ ಮಾತಾಡುತ್ತದೆ. ಆ ಪೋರ್ಟನ್ನು ‘-ಎಲ್’ ಸುರಂಗದಲ್ಲಿ ತನ್ನಿ. ಪಿವಿಸರ್ವರನ್ನು ಲಾಗಿನ್ ಯಂತ್ರದಲ್ಲಿ ಓಡಿಸಬೇಡಿ, ಜಾಬ್ ಸಲ್ಲಿಸಿ ಕಂಪ್ಯೂಟ್ ಯಂತ್ರದಲ್ಲೇ ಓಡಿಸಿ. ಲಾಗಿನ್ ಯಂತ್ರ ಎಲ್ಲರ ಸೊತ್ತು.

ಪ್ರಶ್ನೆ: ತುಮಕೂರಿನಲ್ಲಿ ನಮ್ಮ ಅಕೌಂಟ್ಸ್ ಕಚೇರಿ ಇದೆ. ಕಚೇರಿಯ ವಿಂಡೋಸ್ ಕಂಪ್ಯೂಟರನ್ನು ಮನೆಯಿಂದ ತೆರೆಯಲು ಒಬ್ಬ ಟೆಕ್ನೀಶಿಯನ್ ರೂಟರಿನಲ್ಲಿ 3389ನೇ ಪೋರ್ಟ್ ಬಿಟ್ಟುಕೊಟ್ಟಿದ್ದಾರೆ. ಚೆನ್ನಾಗಿ ನಡೆಯುತ್ತಿದೆ. ಪಾಸ್‌ವರ್ಡ್ ಇದೆ, ಆದ್ದರಿಂದ ಭಯವಿಲ್ಲ ತಾನೇ?
ಲೆಕ್ಕಪತ್ರ ಕಚೇರಿ ನಡೆಸುವವರು, ತುಮಕೂರು

ಉತ್ತರ: ಭಯಪಡಬೇಕಾದ ವಿಷಯವೇ. ಈ ಪುಟ ಓದಿ ಮುಗಿಸಿದ ಕೂಡಲೇ ಆ ಪೋರ್ಟ್ ಮುಚ್ಚಿಸಿ. ನಿಮ್ಮ ಕಂಪ್ಯೂಟರಿನಲ್ಲಿರುವುದು ನಿಮ್ಮೊಬ್ಬರ ಲೆಕ್ಕವಲ್ಲ, ನಿಮ್ಮನ್ನು ನಂಬಿದ ಹತ್ತಾರು ಅಂಗಡಿ, ಮಂಡಿಗಳ ಲೆಕ್ಕ. 3389 ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್. ಇಂಟರ್‌ನೆಟ್ಟಿನಲ್ಲಿ ಅದು ಎಲ್ಲೆಲ್ಲಿ ತೆರೆದಿದೆ ಎಂದು ಹುಡುಕುವ ಪ್ರೋಗ್ರಾಮುಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಸಿಕ್ಕಿದರೆ ಪಾಸ್‌ವರ್ಡ್‌ಗಳನ್ನು ಒಂದರ ಮೇಲೊಂದು ಹಾಕಿ ನೋಡುತ್ತವೆ. ಪೋರ್ಟ್ ಸಂಖ್ಯೆ ಬದಲಿಸಿದರೂ ಹುಡುಕಿ ತೆಗೆಯುತ್ತವೆ.

ಪಾಸ್‌ವರ್ಡ್ ಬಲವಾಗಿದ್ದರೂ ಸಾಲದು. 2019ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಸರಿಪಡಿಸಿದ ‘ಬ್ಲೂಕೀಪ್’ ಎಂಬ ದೋಷಕ್ಕೆ ಪಾಸ್‌ವರ್ಡೇ ಬೇಕಿರಲಿಲ್ಲ, ಪೋರ್ಟ್ ತಲುಪಿದರೆ ಸಾಕಿತ್ತು. ಅದು ಎಷ್ಟು ಗಂಭೀರವಾಗಿತ್ತೆಂದರೆ ಬೆಂಬಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಗೂ ಕಂಪನಿ ಪ್ಯಾಚ್ ಕೊಟ್ಟಿತು. ನಿಮ್ಮದು ವಿಂಡೋಸ್ 10 ಆಗಿದ್ದರೆ ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನೂ ನೆನಪಿಡಿ.

ಸರಿಯಾದ ಕ್ರಮ ಹೀಗಿದೆ. ಕಚೇರಿ ಮತ್ತು ಮನೆ ನಡುವೆ ವೈರ್‌ಗಾರ್ಡ್‌ನಂಥ ವಿಪಿಎನ್ ಹಾಕಿಸಿ, ರಿಮೋಟ್ ಡೆಸ್ಕ್‌ಟಾಪ್ ಅದರೊಳಗೆ ಮಾತ್ರ ನಡೆಯಲಿ. ಕೀ ಇಲ್ಲದವರು ಕೇಳಿದರೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ, ಆದ್ದರಿಂದ ಹುಡುಕುವವರಿಗೆ ಅದು ಇರುವುದೇ ಗೊತ್ತಾಗದು. ಕೆಲವು ಇಂಟರ್‌ನೆಟ್ ಸಂಪರ್ಕಗಳಿಗೆ ಸ್ವಂತ ಪಬ್ಲಿಕ್ ಐಪಿ ಇರುವುದಿಲ್ಲ. ಅಂಥ ಕಡೆ ಬಾಡಿಗೆಗೆ ಒಂದು ಸಣ್ಣ ಕ್ಲೌಡ್ ಯಂತ್ರ ತೆಗೆದುಕೊಂಡು ಎರಡೂ ಕಡೆಯವರು ಅಲ್ಲಿ ಸೇರುವಂತೆ ಮಾಡಬಹುದು. ಜೊತೆಗೆ, ವಾರಕ್ಕೊಮ್ಮೆಯಾದರೂ ಲೆಕ್ಕದ ಬ್ಯಾಕಪ್ ತೆಗೆದು ಆ ಡಿಸ್ಕನ್ನು ಕಂಪ್ಯೂಟರಿನಿಂದ ಕಳಚಿಡಿ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಬ್ಯಾಂಕಿನವರೆಂದು ಹೇಳಿಕೊಂಡು ಯಾರೋ ಫೋನ್ ಮಾಡಿ, ಕೆವೈಸಿ ಸರಿಮಾಡಲು ಒಂದು ಆ್ಯಪ್ ಹಾಕಿಕೊಂಡು ಅದರ ನಂಬರ್ ಹೇಳಿ ಅಂದರು. ನಾನು ಫೋನ್ ಇಟ್ಟುಬಿಟ್ಟೆ. ನಾನು ಮಾಡಿದ್ದು ಸರಿಯೇ?
ನಿವೃತ್ತ ಶಿಕ್ಷಕರು, ಕುಣಿಗಲ್

ಉತ್ತರ: ಮೇಷ್ಟ್ರೇ, ನೀವು ಮಾಡಿದ್ದು ನೂರಕ್ಕೆ ನೂರು ಸರಿ. ಅಂಥ ಆ್ಯಪ್ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಬೆಂಗಳೂರಿನಲ್ಲಿರುವ ಮಗ ಊರಿನ ಅಪ್ಪನ ಫೋನ್ ಸರಿಮಾಡಿಕೊಡಲು ಅದನ್ನೇ ಬಳಸುತ್ತಾನೆ. ಆದರೆ ಅದರ ನಂಬರ್ ಹೇಳಿ ಒಪ್ಪಿಗೆ ಒತ್ತಿದರೆ ನಿಮ್ಮ ಪರದೆ ಆ ಕಡೆಯವರಿಗೆ ಕಾಣುತ್ತದೆ. ಬಂದ ಒಟಿಪಿಯನ್ನು ನೀವು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ, ಅವರೇ ಓದಿಕೊಳ್ಳುತ್ತಾರೆ. ಈ ಬಗೆಯ ವಂಚನೆ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ನಿಮ್ಮ ಪರಿಚಯದವರು ಯಾರಾದರೂ ಈಗಾಗಲೇ ಆ್ಯಪ್ ಹಾಕಿಕೊಂಡಿದ್ದರೆ ಮೊದಲು ಆ ಫೋನಿನ ಇಂಟರ್‌ನೆಟ್ ಬಂದ್ ಮಾಡಿಸಿ. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ, ಹಣವನ್ನು ಮಧ್ಯದಲ್ಲಿ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ತುಮಕೂರಿನ ಸೆನ್ ಪೊಲೀಸ್ ಠಾಣೆಯಲ್ಲೂ ಕೊಡಬಹುದು. ನಿಮ್ಮ ಹಳೆಯ ಶಿಷ್ಯರ ಮನೆಗಳಿಗೂ ದಯವಿಟ್ಟು ಈ ಮಾತು ಮುಟ್ಟಿಸಿ. ನೀವು ಹೇಳಿದರೆ ಕೇಳುತ್ತಾರೆ.

ಪ್ರಶ್ನೆ: ಹೊಸ ಉಬುಂಟುವಿನಲ್ಲಿ ಎಕ್ಸ್ ಹೋಗಿ ವೇಲ್ಯಾಂಡ್ ಬಂದಿದೆಯಂತೆ. ಹಾಗಾದರೆ -ಎಕ್ಸ್ ಕಲಿತದ್ದು ವ್ಯರ್ಥವಾಯಿತೇ?
ಡಿಪ್ಲೊಮಾ ವಿದ್ಯಾರ್ಥಿ, ಕುಣಿಗಲ್

ಉತ್ತರ: ಇಲ್ಲ. ಉಬುಂಟು 25.10ರಿಂದ ಗ್ನೋಮ್ ಡೆಸ್ಕ್‌ಟಾಪಿಗೆ ಎಕ್ಸ್ ಸೆಷನ್ ಇಲ್ಲವೆಂಬುದು ನಿಜ. ಆದರೆ ವೇಲ್ಯಾಂಡ್ ಒಳಗೆ ಎಕ್ಸ್‌ವೇಲ್ಯಾಂಡ್ ಎಂಬ ಎಕ್ಸ್ ಸರ್ವರ್ ಇದ್ದೇ ಇರುತ್ತದೆ, ‘ಎಸ್‌ಎಸ್‌ಎಚ್ -ಎಕ್ಸ್’ ಈಗಲೂ ನಡೆಯುತ್ತದೆ. ವೇಲ್ಯಾಂಡ್ ಪ್ರೋಗ್ರಾಮುಗಳನ್ನೇ ತರಬೇಕಿದ್ದರೆ ‘ವೇಪೈಪ್’ ಇದೆ, ಅದೂ ಎಸ್‌ಎಸ್‌ಎಚ್ ಮೇಲೆಯೇ ಓಡುತ್ತದೆ. ವೇಲ್ಯಾಂಡ್‌ನಲ್ಲಿ ಒಂದು ಪ್ರೋಗ್ರಾಂ ಇನ್ನೊಂದರ ಕೀಗಳನ್ನು ಕದ್ದು ಓದಲಾಗದು. ಎಕ್ಸ್‌ವೇಲ್ಯಾಂಡ್ ಒಳಗಿರುವ ಪ್ರೋಗ್ರಾಮುಗಳು ಮಾತ್ರ ಇನ್ನೂ ಪರಸ್ಪರ ಇಣುಕಬಲ್ಲವು.

ಪ್ರಶ್ನೆ: ಗುಬ್ಬಿಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನನ್ನ ಉಸ್ತುವಾರಿಯಲ್ಲಿದೆ. ಸರ್ವರಿಗೆ ಹೊಸದಾಗಿ ಲಿನಕ್ಸ್ ಹಾಕಿದ ಮೇಲೆ ಮಕ್ಕಳಿಗೆಲ್ಲ ‘ರಿಮೋಟ್ ಹೋಸ್ಟ್ ಐಡೆಂಟಿಫಿಕೇಶನ್ ಹ್ಯಾಸ್ ಚೇಂಜ್ಡ್’ ಎಂದು ದೊಡ್ಡ ಎಚ್ಚರಿಕೆ ಬರುತ್ತಿದೆ. ತಪಾಸಣೆಯನ್ನೇ ಆಫ್ ಮಾಡಿಸಿಬಿಡಲೇ? ಸರ್ವರಿಗೆ ಬೇರೇನು ಭದ್ರತೆ ಮಾಡಬೇಕು?
ಲ್ಯಾಬ್ ಉಸ್ತುವಾರಿ, ಗುಬ್ಬಿ

ಉತ್ತರ: ಆಫ್ ಮಾಡಿಸಬೇಡಿ. ಎಸ್‌ಎಸ್‌ಎಚ್ ಹುಟ್ಟಿದ್ದೇ ಇಂಥ ಕಾರಣಕ್ಕೆ. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಓದಿದ ಮೇಲೆ ಅಲ್ಲಿನ ಟಾಟು ಯುಲೊನೆನ್ ಇದನ್ನು ಬರೆದರು. ಎನ್‌ಕ್ರಿಪ್ಷನ್ ಎಷ್ಟೇ ಬಲವಾಗಿರಲಿ, ಆಚೆ ತುದಿಯಲ್ಲಿರುವುದು ನಿಮ್ಮ ಸರ್ವರ್ ಹೌದೋ ಅಲ್ಲವೋ ಎಂದು ನೋಡದಿದ್ದರೆ ಮಧ್ಯದಲ್ಲಿ ನಿಂತವನಿಗೇ ಎಲ್ಲವನ್ನೂ ಒಪ್ಪಿಸಿದಂತಾಗುತ್ತದೆ. ಈ ಸಂದರ್ಭದಲ್ಲಿ ತಪಾಸಣೆ ಸಡಿಲ ಮಾಡಿದರೂ ಓಪನ್‌ಎಸ್‌ಎಸ್‌ಎಚ್ ಪಾಸ್‌ವರ್ಡ್ ಲಾಗಿನ್ ಮತ್ತು ಎಕ್ಸ್ ಫಾರ್ವರ್ಡಿಂಗನ್ನು ತಾನಾಗಿಯೇ ನಿಲ್ಲಿಸುತ್ತದೆ. ಅದನ್ನು ಬರೆದವರಿಗೂ ಪರದೆಯ ದಾರಿ ಎಷ್ಟು ಸೂಕ್ಷ್ಮ ಎಂಬುದು ಗೊತ್ತಿತ್ತು.

ಸರ್ವರ್ ಮುಂದೆ ಕೂತು ‘ಎಸ್‌ಎಸ್‌ಎಚ್-ಕೀಜೆನ್ -ಎಲ್’ ಕೊಟ್ಟು ಹೊಸ ಹೋಸ್ಟ್ ಕೀಯ ಫಿಂಗರ್‌ಪ್ರಿಂಟ್ ತೆಗೆಯಿರಿ. ಈ ಎಲ್ ಚಿಕ್ಕಕ್ಷರ. ಅದನ್ನು ಮುದ್ರಿಸಿ ಲ್ಯಾಬಿನ ನೋಟಿಸ್ ಬೋರ್ಡಿಗೆ ಹಾಕಿ. ಮಕ್ಕಳು ‘ಎಸ್‌ಎಸ್‌ಎಚ್-ಕೀಜೆನ್ -ಆರ್’, ದೊಡ್ಡಕ್ಷರದ ಆರ್, ಕೊಟ್ಟು ಹಳೆಯದನ್ನು ಅಳಿಸಿ, ಹೊಸದನ್ನು ಬೋರ್ಡಿನೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ ಒಪ್ಪಲಿ. ಮುಂದಿನ ಸಲ ಲಿನಕ್ಸ್ ಹಾಕುವ ಮೊದಲು ಹೋಸ್ಟ್ ಕೀಗಳನ್ನು ಕಾಪಿ ಮಾಡಿಟ್ಟು ವಾಪಸ್ ಹಾಕಿ, ಈ ಗೊಂದಲವೇ ಬರುವುದಿಲ್ಲ.

ಭದ್ರತೆಗೆ ಇಷ್ಟು ಮಾಡಿ:

1. ಪಾಸ್‌ವರ್ಡ್ ಬದಲು ಇಡಿ25519 ಕೀಗಳಿಂದ ಲಾಗಿನ್. ಕೀಗೆ ಪಾಸ್‌ಫ್ರೇಸ್ ಕಡ್ಡಾಯ.
2. ನೇರ ರೂಟ್ ಲಾಗಿನ್ ಬಂದ್.
3. ‘ಎಕ್ಸ್11ಯೂಸ್‌ಲೋಕಲ್‌ಹೋಸ್ಟ್’ ಸದಾ ‘ಯೆಸ್’. ‘ನೋ’ ಮಾಡಿದರೆ 6010ನೇ ಪೋರ್ಟ್ ಇಡೀ ನೆಟ್‌ವರ್ಕಿಗೆ ಕಾಣುತ್ತದೆ.
4. ಎಕ್ಸ್11ಫಾರ್ವರ್ಡಿಂಗ್ ಎಲ್ಲರಿಗೂ ‘ನೋ’. ‘ಮ್ಯಾಚ್ ಗ್ರೂಪ್’ ಸಾಲಿನಿಂದ ಅಗತ್ಯವಿರುವ ಬ್ಯಾಚಿಗೆ ಮಾತ್ರ ‘ಯೆಸ್’.
5. ಅಪ್‌ಡೇಟ್‌ಗಳು ತಡವಾಗದಿರಲಿ.
6. ಸೆಮಿಸ್ಟರ್ ಮುಗಿದ ವಾರವೇ ಹೊರಹೋದವರ ಕೀ ಮತ್ತು ಅಕೌಂಟ್ ತೆಗೆಯಿರಿ.

ಇದರೊಂದಿಗೆ ಮಕ್ಕಳಿಗೆ ಮೊದಲ ತರಗತಿಯಲ್ಲೇ ಹೇಳಿಕೊಡಬೇಕಾದದ್ದು ಒಂದಿದೆ. ದೂರದ ಯಂತ್ರದ ವಿಂಡೋವನ್ನು ತಮ್ಮ ಪರದೆಗೆ ಕರೆದಾಗ ಅವರು ಆ ಯಂತ್ರವನ್ನೂ ಅದನ್ನು ನೋಡಿಕೊಳ್ಳುವವರನ್ನೂ ನಂಬಿರುತ್ತಾರೆ. ನಿಮ್ಮ ಲ್ಯಾಬಿನ ಮಟ್ಟಿಗೆ ಆ ನಂಬಿಕೆ ಇರುವುದು ನಿಮ್ಮ ಮೇಲೆ. ಮೇಲಿನ ಆರು ಅಂಶಗಳನ್ನು ಪಾಲಿಸಿದರೆ ನೀವು ಅದಕ್ಕೆ ಅರ್ಹರಾಗಿರುತ್ತೀರಿ.